ನಾಲ್ಕು ಕಾಲೂ ನೆಲ ಬಿಟ್ಟ ಗಳಿಗೆ

ಶೈಲಾಳ ಮುತ್ತಾತ ನಂಜನಗೂಡಿನ ಗರಡಿ ಚಿಕ್ಕಯ್ಯ. ಹೊಳೆ ಉಕ್ಕಿ ಕೇರಿಯನ್ನು ಎರಡಾಗಿ ಸೀಳಿದ ವರ್ಷ ಬೆನ್ನಿಗೆ ಮಗು ಕಟ್ಟಿಕೊಂಡು ಈ ಕಡೆಯಿಂದ ಆ ಕಡೆಗೆ ನೆಗೆದವನು. ಅವನ ಸೊಸೆ ಕಾಳಮ್ಮ, ಬಾವಿಗೆ ಬಿದ್ದ ನೆರೆಮನೆಯ ಹೆಣ್ಣುಮಗಳನ್ನು ಎತ್ತಲು ಕಚ್ಚೆ ಬಿಗಿದು ಧುಮುಕಿದವಳು. ಮೇಲೆ ಬಂದು, "ಹಗ್ಗ ತರೋಕ್ ಹೋದ ಗಂಡಸ್ರು ಬಂದ್ರಾ?" ಎಂದು ಕೇಳಿದಳಂತೆ. ಕಾಳಮ್ಮನ ಮಗ ಸಿದ್ದಪ್ಪ ಮಾತ್ರ ಎಲ್ಲಿಗೂ ನೆಗೆಯಲಿಲ್ಲ. ಮಂಡ್ಯದಲ್ಲಿ ಫೋಟೋ ಸ್ಟುಡಿಯೋ ಇಟ್ಟು, ಬಂದವರನ್ನೆಲ್ಲ ಅಲುಗದಂತೆ ಕೂರಿಸಿದ. ರೋಲಿಗೆ ಹನ್ನೆರಡೇ ಫೋಟೋ ಇದ್ದ ಕಾಲ. ಒಬ್ಬರಿಗೆ ಒಂದೇ ಸಲ ಒತ್ತುವುದು ಅವನ ಕಟ್ಟಳೆ. ಮದುಮಗ ಕಣ್ಣು ಮುಚ್ಚಿದರೆ ತಪ್ಪು ಮದುಮಗನದಲ್ಲ, ಒತ್ತಿದವನದು ಎನ್ನುತ್ತಿದ್ದ.

ಆ ಸಿದ್ದಪ್ಪನ ಮಗಳು ಶೈಲಾ. ಅಮೆರಿಕದ ಪ್ಲಿಮತ್‌ನಲ್ಲಿ ನಮ್ಮ ಮನೆಯಿಂದ ಆರು ಮನೆ ಆಚೆ ಇದ್ದಾಳೆ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವಳು ಅಳತೆ ನೋಡುತ್ತಿದ್ದಳು, ನಾನು ಲೇತಿನ ಮುಂದೆ ನಿಲ್ಲುತ್ತಿದ್ದೆ. ನಾನು ಕೊರೆದ ಎಷ್ಟೋ ತುಂಡುಗಳನ್ನು ಕೂದಲೆಳೆ ಹೆಚ್ಚಾಯಿತೆಂದು ವಾಪಸು ಎಸೆದವಳು ಅವಳೇ. ಗಂಡ ತೀರಿಕೊಂಡ ಮೇಲೆ ಶನಿವಾರ, ಭಾನುವಾರಗಳನ್ನೆಲ್ಲ ಕ್ಯಾಮೆರಾಕ್ಕೆ ಕೊಟ್ಟಳು. ತೆಗೆದದ್ದು ಒಂದೇ ಬಗೆಯ ಚಿತ್ರ, ನೆಗೆತ. ಬೇಲಿ ಹಾರುವ ಜಿಂಕೆ, ಕೊಳಕ್ಕೆ ಹಾರುವ ಕಪ್ಪೆ, ಕೊಂಬೆಯಿಂದ ಕೊಂಬೆಗೆ ಅಳಿಲು, ಹಿಮದ ಗುಡ್ಡೆಯ ಮೇಲಿಂದ ಕೇರಿಯ ಹುಡುಗರು. ಎಲ್ಲಕ್ಕಿಂತ ಹೆಚ್ಚಾಗಿ ನಾಯಿಗಳು. ಏರುವುದು ಮುಗಿದು ಇಳಿಯುವುದು ಶುರುವಾಗದ ಒಂದು ಗಳಿಗೆ ಇದೆಯಲ್ಲ, ಅದು ಅವಳಿಗೆ ಬೇಕು. ಅಪ್ಪನ ಹಾಗೆ ಒಂದೇ ಸಲ ಒತ್ತುವಳು.

"ಹಾರಿದ್ದು ಕಂಡ್ಮೇಲೆ ಒತ್ತಿದ್ರೆ ಬರೀ ಬಾಲ ಸಿಗತ್ತೆ ಅಣ್ಣ," ಎಂದು ನನಗೆ ಪಾಠ ಹೇಳಿದ್ದಳು. "ನಾಯಿ ಹಿಂಗಾಲು ಕುಗ್ಗಿಸಿ, ಕಿವಿ ಹಿಂದಕ್ಕೆ ಮಡಚತ್ತೆ. ಆಗ ಒತ್ತಬೇಕು."

ಇಂಥ ಕೈಗೆ ಗೆದ್ದಲು ಹತ್ತಿತ್ತು. ನನಗೆ ಗೊತ್ತಾದದ್ದು ಹೋದ ಸೆಪ್ಟೆಂಬರಿನಲ್ಲಿ.

ಶಿಕಾಗೋ ಕಡೆಯ ಪ್ಲೇನ್‌ಫೀಲ್ಡ್‌ನಿಂದ ವಿನಿತಾ ಎಂಬಾಕೆ ಶೈಲಾಳಿಗೆ ಫೋನ್ ಮಾಡಿದ್ದಳು. ಅವಳ ಮಗಳು ಸಿಯಾಳ ಜೊತೆ ಬೆಳೆದ ಕಂದು ನಾಯಿ ಬೆಲ್ಲ ನೀರಿಗೆ ಹಾರುವುದರಲ್ಲಿ ಹೆಸರು ಮಾಡಿತ್ತು. ಈಗ ಹನ್ನೆರಡು ವರ್ಷ. ಹಿಂಗಾಲಿನ ಕೀಲು ಸವೆದಿದೆ, ಇನ್ನೊಂದು ಸಲ ಹಾರಿಸಿ ನಿಲ್ಲಿಸಿಬಿಡಿ ಎಂದು ಡಾಕ್ಟರು ಹೇಳಿದ್ದರು. ಆ ಕೊನೆಯ ಹಾರಿಕೆಯ ಚಿತ್ರ ಬೇಕು, ಶೈಲಾ ಆಂಟಿಯೇ ತೆಗೆಯಬೇಕು ಎಂದು ಅವಳ ಚಿತ್ರಗಳನ್ನು ಕಂಡಿದ್ದ ಸಿಯಾಳ ಹಟ. ಇನ್ನೂರೆಪ್ಪತ್ತು ಮೈಲಿ. ನಾನೇ ಡ್ರೈವ್ ಮಾಡಿದೆ.

ದಾರಿಯಲ್ಲಿ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದಾಗ ಅವಳ ಕೈಯ ಕಾಫಿ ಅರ್ಧ ಸೆರಗಿನ ಮೇಲೆ ಚೆಲ್ಲಿತು. ಬಲಗೈ ಬೆರಳುಗಳು ಗಾಳಿಗೆ ಸಿಕ್ಕ ಅರಳಿ ಎಲೆಯ ಹಾಗೆ ಆಡುತ್ತಿದ್ದವು.

"ಯಾವಾಗಿಂದಮ್ಮ ಇದು?"

"ಯುಗಾದಿಯಿಂದ. ಡಾಕ್ಟ್ರು ಏನೋ ಹೆಸರು ಹೇಳಿದ್ರು. ಕೇಳೋಕ್ ಚೆನ್ನಾಗಿತ್ತು."

"ಫೋಟೋ?"

"ಆರು ತಿಂಗಳಿಂದ ಬರೀ ನೀರು ಬರ್ತಿದೆ ಅಣ್ಣ. ನಾಯಿ ಹೋಗಿರತ್ತೆ."

"ವಿನಿತಾಗೆ ಹೇಳಿದೀಯಾ?"

"ಹೇಳಿದ್ರೆ ಬೇರೆಯವರನ್ನ ಕರೀತಾಳೆ."

"ಕರೀಲಿ ಬಿಡು."

"ಆ ನಾಯಿಗೂ ಒಂದೇ ಉಳಿದಿರೋದು, ನನಗೂ ಒಂದೇ. ನೀವು ಸುಮ್ನಿದ್ಬಿಡಿ."

ನಾನು ಸುಮ್ಮನಿದ್ದುಬಿಟ್ಟೆ. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿಲ್ಲ.

ಇಂಡಿಯಾನಾ ದಾಟುವಾಗ ಗಡಿಯಾರ ಒಂದು ಗಂಟೆ ಹಿಂದಕ್ಕೆ ಬಂತು. "ಒಂದು ಗಂಟೆ ಮಿಕ್ಕಿತು ನೋಡು," ಎಂದೆ. "ಗಂಟೆ ಇಟ್ಕೊಂಡು ಏನ್ ಮಾಡ್ಲಿ," ಎಂದು ಅವಳು ಕಿಟಕಿಯ ಕಡೆ ತಿರುಗಿದಳು.

ಊರಾಚೆ ನಾಯಿಗಳಿಗೆಂದೇ ತೋಡಿದ ಕೊಳ. ನೀರಿನ ಮೇಲಕ್ಕೆ ಚಾಚಿದ ಮರದ ಅಟ್ಟಣೆ. ಅದರ ಮೇಲೆ ಓಡಿಬಂದು ನಾಯಿ ಹಾರಬೇಕು. ವಿನಿತಾ, ಅವಳ ಗಂಡ ವಿವೇಕ, ಹದಿನಾಲ್ಕರ ಸಿಯಾ ಕಾಯುತ್ತಿದ್ದರು. ಬೆಲ್ಲದ ಮೂತಿ ಪೂರ್ತಿ ಬೆಳ್ಳಗಾಗಿತ್ತು. ನೀರು ಕಂಡೊಡನೆ ಮುದುಕ ಬಾಲದಲ್ಲೇ ತಾಳ ಹಾಕಿದ.

ಎಂದಿನ ತನ್ನ ಕಟ್ಟಳೆಯಂತೆ ಶೈಲಾ ಹೇಳಿದಳು, "ಫೋನೆಲ್ಲ ಬ್ಯಾಗಲ್ಲಿಡಿ. ನಾಯಿ ಸಿಯಾ ಮುಖ ಬಿಟ್ಟು ಬೇರೆ ಏನೂ ನೋಡಬಾರದು."

ಎಲ್ಲರೂ ಇಟ್ಟರು. ವಿವೇಕ ಶೈಲಾಳ ಕ್ಯಾಮೆರಾದತ್ತ ಇಣುಕಿ, "ಆಂಟಿ, ಇದ್ರಲ್ಲಿ ಸೆಕೆಂಡಿಗೆ ಇಪ್ಪತ್ತು ತೆಗೆಯೋ ಸೆಟಿಂಗ್ ಇದೆ. ಹಾಕಿಕೊಡ್ಲಾ? ಒಂದಲ್ಲ ಒಂದು ಬರತ್ತೆ," ಎಂದ.

"ಇಪ್ಪತ್ತು ಕಲ್ಲು ಎಸೆದ್ರೆ ಕುರುಡನಿಗೂ ಮಾವಿನಕಾಯಿ ಬೀಳತ್ತಪ್ಪ."

ವಿವೇಕ ನಕ್ಕ. ನನಗೆ ನಗು ಬರಲಿಲ್ಲ.

ಸಿಯಾ ಆಚೆ ದಡದ ನೀರಿನಲ್ಲಿ ಸೊಂಟದ ಮಟ್ಟ ನಿಂತು ಕೂಗಿದಳು. ಬೆಲ್ಲ ಓಡಿದ. ಮೊದಲು ಕುಂಟು, ಆಮೇಲೆ ಓಟ, ಅಟ್ಟಣೆಯ ತುದಿಯಲ್ಲಿ ಹನ್ನೆರಡು ವರ್ಷವನ್ನೂ ಕೊಡವಿಕೊಂಡ ಹಾಗೆ ಮೈಯನ್ನು ಕುಗ್ಗಿಸಿದ. ಕಿವಿ ಮಡಚಿತು. ಶೈಲಾಳ ಉಸಿರು ನಿಂತದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಅವಳ ಕಣ್ಣು ಸರಿಯಾದ ಹೊತ್ತಿಗೇ ಹೇಳಿತು. ಆದರೆ ಕಣ್ಣು ಏರಿಗೆಳೆದರೆ ಬೆರಳು ನೀರಿಗೆಳೆಯಿತು. ಬೆಲ್ಲ ಗಾಳಿಯಲ್ಲಿ ಉದ್ದಕ್ಕೆ ಮಲಗಿದಂತೆ ತೇಲಿ, ನಾಲ್ಕು ಕಾಲೂ ಚಾಚಿ, ನೀರಿಗೆ ಬಿದ್ದು ಮುಳುಗಿದ ಮೇಲೆ ಟಕ್ ಎಂಬ ಸದ್ದು ಬಂತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಸದ್ದು.

ಸಿಯಾ ನಾಯಿಯನ್ನು ತಬ್ಬಿಕೊಂಡೇ ದಡಕ್ಕೆ ಬಂದಳು. "ಡಿಡ್ ಯು ಗೆಟ್ ಹಿಮ್, ಆಂಟಿ?"

ಶೈಲಾ ಕ್ಯಾಮೆರಾವನ್ನು ಅವಳ ಕೈಗೇ ಕೊಟ್ಟಳು. ಒಂದು ಖಾಲಿ ಅಟ್ಟಣೆ, ಒಂದು ಬಿಳಿ ನೀರಿನ ಕುಚ್ಚು. ಹುಡುಗಿ ಹಿಂದಿನ ಚಿತ್ರಕ್ಕೆ ಹೋದಳು, ಮುಂದಿನದಕ್ಕೆ ಬಂದಳು. ಇದ್ದದ್ದು ಅದೊಂದೇ.

"ಇನ್ನೊಂದ್ಸಲ ಹಾರಿಸೋಣ್ವಾ?" ವಿವೇಕ ಮೆಲ್ಲಗೆ ಕೇಳಿದ. ಬೆಲ್ಲ ಹಿಂಗಾಲು ಎತ್ತಿಕೊಂಡು ನಿಂತಿದ್ದ, ಊರುತ್ತಿರಲಿಲ್ಲ.

"ನನ್ನ ಕೈ ಸರಿಯಿಲ್ಲ ಪುಟ್ಟಾ," ಎಂದಳು ಶೈಲಾ. "ಮೊದಲೇ ಗೊತ್ತಿತ್ತು. ಹೇಳಲಿಲ್ಲ."

ಸಿಯಾ ಕ್ಯಾಮೆರಾ ಹಿಂದಕ್ಕೆ ಕೊಟ್ಟು ನಾಯಿಯ ಮೈ ಒರೆಸತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು. ವಿನಿತಾ ಇನ್ನೊಂದು ಟವೆಲು ತರುವೆನೆಂದು ಕಾರಿನ ಕಡೆ ನಡೆದಳು. ವಿವೇಕನೇ ಕೊನೆಗೆ, "ಬಿಡಿ ಆಂಟಿ, ಹಳೇ ಫೋಟೋದಿಂದ ಬೆಲ್ಲನ್ನ ತೆಗೆದು ಇದ್ರಲ್ಲಿ ಕೂರಿಸ್ತೀನಿ. ಕಂಪ್ಯೂಟರಲ್ಲಿ ಐದು ನಿಮಿಷದ ಕೆಲಸ, ಗೊತ್ತೇ ಆಗಲ್ಲ," ಎಂದ.

"ಬೇಡಪ್ಪ," ಎಂದಳು ಶೈಲಾ. "ಅವನು ಹಾರಿದ್ದು ಇವತ್ತು."

ಊಟಕ್ಕೆ ಕರೆದರು. ನಿಲ್ಲಲಿಲ್ಲ. ಕಾರಿನಲ್ಲಿ ಕೂತು ಅವಳು ಕ್ಯಾಮೆರಾವನ್ನು ಕಾಲ ಬಳಿ ಇಟ್ಟಳು; ಇಷ್ಟು ವರ್ಷದಲ್ಲಿ ಅದನ್ನು ಮಡಿಲಿನಿಂದ ಕೆಳಗಿಳಿಸಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಸೀಟ್ ಬೆಲ್ಟ್ ಎಳೆದಳು. ಕೊಕ್ಕೆ ಗೂಡಿಗೆ ಕೂರಲಿಲ್ಲ. ಪಕ್ಕಕ್ಕೆ ಬಡಿಯಿತು, ಮತ್ತೆ ಬಡಿಯಿತು. ನಾನು ಕೈ ಚಾಚಿದೆ.

"ಮುಟ್ಬೇಡಿ ಅಣ್ಣ. ನಾನೇ ಹಾಕ್ಕೋತೀನಿ. ಹಾಕ್ಕೊಳೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ, ಎಷ್ಟ್ ಹೊತ್ತಾದ್ರೂ."