ಹಸಿರು ಕಂಡರೆ ಆಟೋಕ್ಲೇವಿಗೆ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಬಾಟ್ಲಿ ಅಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅಲ್ಲಿನ ಗಾಜಿನ ಸಾಮಾನು ತೊಳೆಯುತ್ತಿದ್ದವಳು. ದೊಡ್ಡ ದೊಡ್ಡ ಓದಿನವರು ಬಂದರು, ಹೋದರು. ಸಿಂಕಿನ ಮುಂದೆ ಮಾತ್ರ ಅಕ್ಕ ಹೇಳಿದ್ದೇ ವೇದವಾಕ್ಯ. ಮನೆಯಲ್ಲಿ ಗಂಡ ಒಂದು ಲೋಟ ತೊಳೆದಿಟ್ಟರೂ ಅದನ್ನು ಬೆಳಕಿಗೆ ಹಿಡಿದು ನೋಡಿ, ಮತ್ತೆ ತಾನೇ ತೊಳೆಯುವಳು. ದರ್ಜಿ ಕೆಲಸದ ಆ ಪುಣ್ಯಾತ್ಮ, "ನನ್ನನ್ನೂ ಒಂದ್ಸಲ ತೊಳೆದು ಒಣಗಿಹಾಕಿಬಿಡು" ಎಂದು ಗೊಣಗುತ್ತಿದ್ದ.

ಅವಳು ಓದಿದ್ದು ಏಳನೇ ಕ್ಲಾಸು. ಆದರೆ ಒಂದು ನಿಯಮ ಮಾತ್ರ ಅವಳಿಗೆ ಬಾಯಿಪಾಠ: ಸೂಕ್ಷ್ಮಜೀವಿ ಬೆಳೆಸುವ ಗಾಜಿನ ತಟ್ಟೆಯಲ್ಲಿ ಹಸಿರು ಬೂಷ್ಟು ಕಂಡರೆ ಅದು ಕೆಟ್ಟಿತೆಂದೇ ಅರ್ಥ, ಸೀದಾ ಆಟೋಕ್ಲೇವಿಗೆ. ಆಟೋಕ್ಲೇವ್ ಅಂದರೆ ಪ್ರೆಶರ್ ಕುಕ್ಕರಿನ ದೊಡ್ಡಣ್ಣ. ಒಳಗೆ ಹೋದ ಯಾವ ಜೀವವೂ ಉಳಿಯುವುದಿಲ್ಲ. ಇದನ್ನು ಕಲಿಸಿದವರು ಅಲ್ಲಿನವರೇ, ಪಾಪ ಅವಳದೇನೂ ತಪ್ಪಿಲ್ಲ.

ಮೊಣಕಾಲಿನ ಆಪರೇಷನ್ನೆಂದು ಅಕ್ಕ ನಾಲ್ಕು ತಿಂಗಳು ರಜೆಯಲ್ಲಿದ್ದಳು. ಅಷ್ಟರಲ್ಲಿ ಗುಂಗುರು ಕೂದಲಿನ ಹೊಸ ಸಂಶೋಧಕಿಯೊಬ್ಬಳು ಸೇರಿಕೊಂಡಿದ್ದಳು. ಕೊಳೆತ ಮರದ ಮೇಲೆ ಬೆಳೆಯುವ ಒಂದು ಶಿಲೀಂಧ್ರದಿಂದ ನೀಲಿ ಹಸಿರು ಬಣ್ಣ ತೆಗೆದು, ಅದರಲ್ಲಿ ಕರೆಂಟ್ ಹರಿಸುವುದು ಅವಳ ಕೆಲಸ. ಅದು ಕೈಗೂಡಿದರೆ, ಎಸೆದ ಮೇಲೆ ಮಣ್ಣಿಗೆ ವಿಷವಾಗದ ಸೆಮಿಕಂಡಕ್ಟರ್ ಮಾಡಬಹುದಂತೆ. ಆ ಶಿಲೀಂಧ್ರವೋ ಆಮೆಯ ಅಪ್ಪ, ಹನ್ನೆರಡು ತಟ್ಟೆ ತುಂಬಲು ಮೂರು ತಿಂಗಳು ತೆಗೆದುಕೊಂಡಿತ್ತು. ಇನ್ನು ಹತ್ತು ದಿನದಲ್ಲಿ ಹಣ ಕೊಟ್ಟವರಿಗೆ ಫಲಿತಾಂಶ ತೋರಿಸದಿದ್ದರೆ ಯೋಜನೆಯೇ ಬಂದ್, ಅವಳೂ ಮನೆಗೆ.

ಅಕ್ಕ ಕೆಲಸಕ್ಕೆ ಮರಳಿದ ಬೆಳಿಗ್ಗೆ ಕಪಾಟು ತೆರೆದಳು. ಹನ್ನೆರಡು ತಟ್ಟೆ, ಹನ್ನೆರಡೂ ಹಸಿರು. "ನಾನೊಬ್ಬಳು ಇಲ್ಲದಿದ್ರೆ ಇಲ್ಲಿ ಎಲ್ಲಾ ಬೂಷ್ಟು ಹಿಡಿಯುತ್ತೆ" ಎಂದು ಬೈದುಕೊಂಡೇ ಎಲ್ಲವನ್ನೂ ಬೇಯಿಸಿಬಿಟ್ಟಳು.

ಮಧ್ಯಾಹ್ನ ಸಂಶೋಧಕಿ ಖಾಲಿ ಕಪಾಟಿನ ಮುಂದೆ ನಿಂತು, "ನನ್ನ ಹಸಿರು ತಟ್ಟೆಗಳನ್ನ ಯಾರಾದ್ರೂ ತೆಗೆದ್ರಾ?" ಎಂದಾಗ ಅಕ್ಕನ ಕೈಯಲ್ಲಿದ್ದ ಬ್ರಷ್ ಸಿಂಕಿಗೆ ಬಿತ್ತು. ಅವಳು ತಟ್ಟೆ ತೆಗೆದದ್ದನ್ನು ಯಾರೂ ನೋಡಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹುಡುಗಿಯ ಮುಖ ನೋಡಿ ಅಕ್ಕ ಕೈ ಒರೆಸಿಕೊಂಡು ಮುಂದೆ ಬಂದಳು.

"ನಾನೇ ಮೇಡಂ. ಕೆಟ್ಟಿದೆ ಅಂದ್ಕೊಂಡು ಬೇಯಿಸಿಬಿಟ್ಟೆ."

ಸಂಶೋಧಕಿ ಸ್ಟೂಲಿನ ಮೇಲೆ ಕುಸಿದಳು. ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಸಂಶೋಧಕಿ ಎದ್ದು, ಬೆಂದದ್ದನ್ನು ಅಕ್ಕ ತೊಟ್ಟಿಗೆ ಸುರಿಯಲು ಇಟ್ಟಿದ್ದ ಪಾತ್ರೆಯ ಮುಚ್ಚಳ ತೆಗೆದಳು. ಒಳಗಿದ್ದದ್ದು ಗಂಜಿಯಂಥ ರಾಡಿ, ಆದರೆ ಬಣ್ಣ ಮಾತ್ರ ಒಂಚೂರೂ ಮಾಸಿರಲಿಲ್ಲ.

ಮುಂದಿನ ಮೂರು ದಿನ ಅಕ್ಕ ತೊಳೆದ ಬಾಟ್ಲಿಯನ್ನೇ ಮತ್ತೆ ಮತ್ತೆ ತೊಳೆದಳು. ಸಂಶೋಧಕಿ ಆ ರಾಡಿಯನ್ನು ಒಣಗಿಸಿ, ಬಣ್ಣ ಬೇರ್ಪಡಿಸಿ, ಗಾಜಿನ ಚೂರಿನ ಮೇಲೆ ತೆಳ್ಳಗೆ ಹರಡಿ, ಕರೆಂಟ್ ಹರಿಸಲು ಎರಡು ಸೂಜಿ ಊರಿದಳು. ಪರದೆಯ ಮೇಲೆ ಗೆರೆ ಮೇಲೇರಿತು. ಬೇಯಿಸದ ಚೂರು ಬಣ್ಣದಲ್ಲಿ ಅವಳಿಗೆ ಹಿಂದೆ ಬಂದಿದ್ದ ಗೆರೆಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

"ಅಕ್ಕಾ! ಶಿಲೀಂಧ್ರನ ಹೇಗೂ ಕೊಲ್ಲಲೇಬೇಕಿತ್ತು. ಬಣ್ಣ ಬಿಸಿ ತಡೆಯುತ್ತಾ ಅಂತ ಹಣ ಕೊಟ್ಟವರು ಖಂಡಿತ ಕೇಳ್ತಿದ್ರು. ಇದ್ದ ಹನ್ನೆರಡು ತಟ್ಟೆನ ಬೇಯಿಸಿ ನೋಡೋ ಧೈರ್ಯ ನನಗೆಲ್ಲಿತ್ತು?"

ಅಕ್ಕ ನೆಲದ ಮೇಲೇ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು. ಸಂಶೋಧಕಿ ಪಕ್ಕದಲ್ಲೇ ಕೂತು ಪ್ರಯೋಗದ ಪುಸ್ತಕ ಬಿಚ್ಚಿ, ಪೆನ್ನು ಅವಳ ಕೈಗಿತ್ತಳು.

"ಮಾಡಿದ್ದು ನೀವು, ನೀವೇ ಬರೀರಿ. ಎಷ್ಟು ನಿಮಿಷ ಇಟ್ರಿ? ಎಂದಿನ ಹಾಗೆ ಇಪ್ಪತ್ತು ತಾನೆ?"

ಅಕ್ಕನ ಪೆನ್ನು ಪುಟದ ಮೇಲೆ ತಡವರಿಸಿತು. ಇಪ್ಪತ್ತು ಅಂತ ಗೀಚಿದರೆ ಕೇಳುವವರಿರಲಿಲ್ಲ.

"ನಲವತ್ತು ಮೇಡಂ" ಎಂದಳು, ಮೂಗು ಒರೆಸಿಕೊಳ್ಳುತ್ತಾ. "ರಜೆ ಮುಗಿಸಿ ಬಂದಿದ್ನಲ್ಲ, ಕ್ಯಾಂಟೀನಲ್ಲಿ ಮಾತಿಗೆ ಕೂತುಬಿಟ್ಟೆ."