ಶುಕ್ರವಾರದ ಗೋಡೆ

ರಾಯಚೂರಿಗೆ ಬಂದ ಮೊದಲ ವಾರ. ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಆಫೀಸಿನ ಮಂದಿಯೆಲ್ಲ ಒಂದು ಬಿಳಿ ಗೋಡೆಯ ಎದುರು ಕುರ್ಚಿ ಹಾಕಿಕೊಂಡು ಕೂತು, ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಮೂಡಿದ್ದ ಒಬ್ಬನ ತಪ್ಪನ್ನು ನೋಡಿ ನಗುತ್ತಿದ್ದರು. ತಪ್ಪು ಮಾಡಿದವನೂ ಅವರ ಜೊತೆ ನಗುತ್ತಿದ್ದ. ನಕ್ಕು ಮುಗಿದ ಮೇಲೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ಬಂದವು. ಮೊದಲ ಮಿರ್ಚಿಯನ್ನು ತಪ್ಪು ಮಾಡಿದವನಿಗೇ ಕೊಟ್ಟರು.

ನಾನು ಬಾಗಿಲ ಬಳಿಯೇ ನಿಂತಿದ್ದೆ. ಎಲ್ಲಿಗೆ ಬಂದೆನಪ್ಪ ಅನ್ನಿಸಿತು.

ನನ್ನ ಊರು ದೇವದುರ್ಗ ತಾಲ್ಲೂಕಿನದು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಮಾನ್ವಿಯ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ನಮ್ಮ ಓಣಿಯಲ್ಲಿ ಓದುವ ಹುಡುಗಿ ತಪ್ಪು ಮಾಡುವ ಹಾಗಿರಲಿಲ್ಲ. ಹತ್ತನೇ ತರಗತಿಯಲ್ಲಿ ಗಣಿತ ಹೋಯಿತೆಂದು ನನ್ನ ಗೆಳತಿ ಫಲಿತಾಂಶದ ಮರುದಿನವೇ ಹೊಲದ ಕೆಲಸಕ್ಕೆ ಹೋದಳು. ಇನ್ನೊಮ್ಮೆ ಬರಿ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹಾಗಾಗಿ ತಪ್ಪಾದರೆ ಬಾಯಿ ಮುಚ್ಚಿಕೊಂಡು ತಿದ್ದಿಬಿಡುವುದನ್ನು ನಾನು ಚೆನ್ನಾಗಿ ಕಲಿತಿದ್ದೆ.

ದೇವದುರ್ಗದಿಂದ ರಾಯಚೂರಿಗೆ ಬಂದದ್ದೂ ಒಂದು ವಲಸೆಯೇ ಎಂದು ನೀವು ಕೇಳಬಹುದು. ಬಸ್ಸಿನಲ್ಲಿ ಎರಡು ತಾಸು. ನಮ್ಮೂರಿನವರು ಪುಣೆಗೆ ದುಡಿಯಲು ಹೋಗುತ್ತಾರೆ. ಆದರೆ ಅಲ್ಲಿ ಹತ್ತು ಗುಡಿಸಲು ಹಾಕಿದರೆ ಹತ್ತೂ ನಮ್ಮೂರಿನವೇ, ಮಾತು ನಮ್ಮದೇ, ರೊಟ್ಟಿ ನಮ್ಮದೇ. ನಾನು ಎರಡು ತಾಸಿನ ದಾರಿ ಬಂದು ಒಬ್ಬಳೇ ಆದೆ.

ಮನೆ ಹುಡುಕಿದ್ದನ್ನು ಹೆಚ್ಚು ಹೇಳುವುದಿಲ್ಲ. ಮೊದಲ ಮನೆಯವರು "ಯಾವ ಮಂದಿ ನೀವು?" ಎಂದು ಕೇಳಿದರು. ಹೇಳಿದೆ. "ಕೀಲಿಕೈ ಸಿಗವಲ್ದು, ನಾಳೆ ಬರ್ರಿ" ಅಂದರು. ಎರಡನೆಯ ಮನೆಯಲ್ಲಿ ಕೀಲಿಕೈ ಕೈಯಲ್ಲೇ ಇತ್ತು, ಆದರೂ ಮನೆ ಸಿಗಲಿಲ್ಲ. ಮೂರನೆಯದು ಸುಶೀಲಮ್ಮನವರ ಮನೆ. ನಿವೃತ್ತ ನರ್ಸು, ಮನೆಮಾತು ತೆಲುಗು. ಅವರು ಏನೂ ಕೇಳದೆ ಮಾಳಿಗೆಯ ಮೇಲಿನ ಕೋಣೆ ತೋರಿಸಿದರು. ದಿನಾ ಸಂಜೆ ನಾನು ಮೆಟ್ಟಿಲು ಹತ್ತುವಾಗ "ತಿನ್ನಾವಾ?" ಅನ್ನುತ್ತಿದ್ದರು. ಉಂಡೆಯಾ ಎಂದರ್ಥ. ಎರಡು ತಿಂಗಳು ಬರೀ ತಲೆಯಾಡಿಸಿದೆ. ಒಂದು ದಿನ "ತಿನ್ನಾನು" ಅಂದೆ. ಅವರು ಒಳಗೆ ಹೋಗಿ ಒಂದು ಬಟ್ಟಲು ಪಪ್ಪು ತಂದಿಟ್ಟರು. ಅವರ ಪಪ್ಪು ಎಂದರೆ ನಮ್ಮ ಬ್ಯಾಳಿಯೇ, ಹುಳಿ ಜಾಸ್ತಿ. ರಾಯಚೂರಿನಲ್ಲಿ ನಾನು ಗೆದ್ದದ್ದು ಅಂತ ಏನಾದರೂ ಇದ್ದರೆ ಮೊದಲನೆಯದು ಆ ಬಟ್ಟಲು.

ನಮ್ಮ ಆಫೀಸು ದೇವದುರ್ಗ, ಮಾನ್ವಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಣ್ಣಿನ ತಪಾಸಣೆ ನಡೆಸುವ ಒಂದು ಸಂಸ್ಥೆಯದು. ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬರೆದುಕೊಂಡು ಬಂದದ್ದನ್ನು ನಾವು ಕಂಪ್ಯೂಟರಿನಲ್ಲಿ ಒಪ್ಪ ಮಾಡಿ, ಯಾರಿಗೆ ಚಾಳೀಸು, ಅಂದರೆ ಕನ್ನಡಕ, ಯಾರಿಗೆ ಆಪರೇಷನ್ ಎಂದು ಪಟ್ಟಿ ತೆಗೆಯುತ್ತೇವೆ. ಪಟ್ಟಿಯಲ್ಲಿದ್ದವರಿಗೆ ಫೋನು ಹೋಗುತ್ತದೆ, ಗಾಡಿ ಹೋಗುತ್ತದೆ. ಪಟ್ಟಿಯಲ್ಲಿ ಇಲ್ಲದವರಿಗೆ ಏನೂ ಹೋಗುವುದಿಲ್ಲ.

ಕೋಡ್ ಬರೆಯುವುದನ್ನು ನಮ್ಮಲ್ಲಿ ಯಾರೂ ಕಾಲೇಜಿನಲ್ಲಿ ಸರಿಯಾಗಿ ಕಲಿತವರಲ್ಲ. ಅದಕ್ಕೇ ಆ ಶುಕ್ರವಾರದ ಕೂಟ. ಹುಟ್ಟುಹಾಕಿದವರು ನಮ್ಮ ಹಿರಿಯರಾದ ನಸ್ರೀನ್ ಮೇಡಂ. ವಾರದಲ್ಲಿ ಕಲಿತ ಒಂದು ಉಪಾಯ ಅಥವಾ ಮಾಡಿದ ಒಂದು ತಪ್ಪನ್ನು ಗೋಡೆಗೆ ಹಾಕಬೇಕು. ಮೊದಲ ಮಿರ್ಚಿ ಮಾತ್ರ ತಪ್ಪು ತಂದವರಿಗೆ. ಆ ಮೊದಲ ಶುಕ್ರವಾರ ತನ್ನ ತಪ್ಪಿಗೆ ತಾನೇ ನಗುತ್ತಿದ್ದವನು ವಿರೂಪಾಕ್ಷಣ್ಣ. ಹಿಂದೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಮೇಲೆ ಮೀಟರ್ ಓದುತ್ತಿದ್ದವನು, ಪೈಥಾನ್ ಕೋಡು ಬರೆಯಲು ಕಲಿತದ್ದು ಈ ಗೋಡೆಯ ಮುಂದೆಯೇ. ಅರ್ಧದಷ್ಟು ಮಿರ್ಚಿ ಅವನವೇ.

"ದೇವದುರ್ಗದ ಮೇಡಂ ತಪ್ಪೇ ಮಾಡಂಗಿಲ್ಲ ನೋಡ್ರಿ," ಎಂದು ಅವನು ಕಾಡುತ್ತಿದ್ದ. "ಇವ್ರು ಬಂದಾಗಿನಿಂದ ಮಿರ್ಚಿ ನನಗ ಒಬ್ಬನಿಗೇ ಬೀಳಾಕತ್ತಾವ."

"ನೀ ತಿಂತಿ, ನಾ ಕೆಲ್ಸ ಮಾಡ್ತೀನಿ ಅಣ್ಣಾ," ಅನ್ನುತ್ತಿದ್ದೆ.

ಐದಾರು ತಿಂಗಳಾದ ಮೇಲೆ ನನ್ನ ಸರದಿ ಬಂತು. ನಾನು ಒಂದು ಉಪಾಯ ತಂದಿದ್ದೆ. ಕಾರ್ಯಕರ್ತೆಯರು ಕೆಲವು ಮನೆಗಳಿಗೆ ಎರಡು ಸಲ ಹೋಗಿ ಒಬ್ಬರನ್ನೇ ಎರಡು ಸಲ ಬರೆದುಬಿಡುತ್ತಿದ್ದರು. ಅಂಥವನ್ನು ಕಣ್ಣಿನಿಂದ ಹುಡುಕಿ ತೆಗೆಯಲು ನಮಗೆ ವಾರ ಹಿಡಿಯುತ್ತಿತ್ತು. ನಾನು ಬರೆದ ನಾಲ್ಕು ಸಾಲಿನ ಕೋಡು ಐದು ಸಂಗತಿ ನೋಡುತ್ತಿತ್ತು: ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ಹುಟ್ಟಿದ ದಿನ, ಫೋನ್ ನಂಬರು. ಐದೂ ಕೂಡಿದರೆ ಮನುಷ್ಯ ಒಬ್ಬನೇ. ಮೊದಲನೆಯ ಸಾಲು ಉಳಿಸು, ಎರಡನೆಯದು ತೆಗೆ. ಬಟನ್ ಒತ್ತಿದೆ. ಗೋಡೆಯ ಮೇಲಿನ ಪಟ್ಟಿ ಕಣ್ಣೆದುರೇ ಸಣ್ಣದಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಪಕ್ಕಾ ಏನ್ರಿ?" ಎಂದು ವಿರೂಪಾಕ್ಷಣ್ಣ ಕೇಳಿದ. "ಇಬ್ಬರು ಬ್ಯಾರೆಬ್ಯಾರೆ ಇದ್ರ?"

"ಐದೂ ಒಂದೇ ಇದ್ರ ಇಬ್ರು ಹೆಂಗ ಆಗ್ತಾರ ಅಣ್ಣಾ?" ಅಂದೆ. ಸ್ವಲ್ಪ ಸಿಟ್ಟಿನಿಂದಲೇ ಅಂದೆ. ಆ ದಿನ ಬಸ್ಸು ಹಿಡಿಯದೆ ಮನೆಗೆ ನಡೆದುಕೊಂಡೇ ಹೋದೆ. ಅಷ್ಟು ಖುಷಿ.

ಎಳ್ಳಮಾವಾಸ್ಯೆಗೆ ಊರಿಗೆ ಹೋದೆ. ಯವ್ವ ಹೊಸ ಚಾಳೀಸು ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳು. ಆ ಚಾಳೀಸು ನಮ್ಮ ಆಫೀಸಿನ ಗಾಡಿಯೇ ಬಂದು ಕೊಟ್ಟದ್ದು. ಪಕ್ಕದಲ್ಲಿ ಸಣ್ಣವ್ವ, ನನ್ನ ತಾಯಿಯ ತಂಗಿ. ಅಕ್ಕತಂಗಿಯರನ್ನು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟದ್ದು, ಇಬ್ಬರೂ ಒಂದೇ ಒಲೆಯವರು. ನನ್ನನ್ನು ಬೆನ್ನ ಮೇಲೆ ಹೊತ್ತು ಹಳ್ಳ ದಾಟಿಸಿ ಶಾಲೆಗೆ ಬಿಟ್ಟವಳು ಸಣ್ಣವ್ವ. ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಡಗಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು.

"ನಿಮ್ಮ ಆಫೀಸ್ನಾಕಿ ಬಂದು ಬರಕೊಂಡು ಹೋದ್ಲು. ಆಪರೇಷನ್ ಆಗಬೇಕು, ಫೋನ್ ಮಾಡ್ತೀವಿ ಅಂದ್ಲು," ಎಂದಳು ಸಣ್ಣವ್ವ. "ಇನ್ನಾ ಮಾಡಿಲ್ಲ."

"ನನಗ್ಯಾಕ ಹೇಳ್ಲಿಲ್ಲ ಬೇ?"

"ಹೊಸಾ ನೌಕರಿ. ನಿನಗ ಯಾಕ ತ್ರಾಸು? ಸರದಿ ಬಂದಾಗ ಮಾಡ್ತಾರ ಬಿಡು."

ಸೋಮವಾರ ಆಫೀಸಿಗೆ ಬಂದು ಮೂಲ ಪಟ್ಟಿ ತೆರೆದೆ. ಎರಡು ಸಾಲು, ಒಂದರ ಕೆಳಗೆ ಒಂದು. ದುರುಗಮ್ಮ, ಗಂಡ ಹನುಮಂತ. ದುರುಗಮ್ಮ, ಗಂಡ ಹನುಮಂತ.

ನಮ್ಮ ಕಡೆ ಹುಟ್ಟಿದವರಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಮನೆದೇವರ ಹೆಸರು ಒಂದು ಮಗುವಿಗೆ ಇಟ್ಟರೆ ಸಾಲದು ಎಂದು ಎರಡನೆಯದಕ್ಕೂ ಇಡುತ್ತಾರೆ. ಒಬ್ಬಳು ದೊಡ್ಡ ದುರುಗಮ್ಮ, ಒಬ್ಬಳು ಸಣ್ಣ ದುರುಗಮ್ಮ. ನಮ್ಮಪ್ಪ ದೊಡ್ಡ ಹನುಮಂತ, ಕಾಕಾ ಸಣ್ಣ ಹನುಮಂತ. ಕಾಗದಕ್ಕೆ ಬರುವಾಗ ದೊಡ್ಡ, ಸಣ್ಣ ಉದುರಿಹೋಗುತ್ತವೆ. ಅಕ್ಕತಂಗಿಯರಿಬ್ಬರೂ ಶಾಲೆ ಕಂಡವರಲ್ಲ. ಆಧಾರ್ ಮಾಡಿಸುವಾಗ ವಯಸ್ಸು ಕೇಳಿದರೆ ಇಬ್ಬರೂ ಐವತ್ತು ಅಂದಿದ್ದಾರೆ, ಬರೆದುಕೊಳ್ಳುವವನು ಇಬ್ಬರಿಗೂ ಒಂದೇ ವರ್ಷದ ಜನವರಿ ಒಂದು ಹಾಕಿದ್ದಾನೆ. ಮನೆಗೆ ಇರುವುದು ಒಂದೇ ಫೋನು.

ರಾಯಚೂರಿನಲ್ಲಿ ಒಬ್ಬೊಬ್ಬರಿಗೂ ಒಂದು ಫೋನು, ಒಬ್ಬೊಬ್ಬರಿಗೂ ಒಂದು ಹುಟ್ಟುಹಬ್ಬ. ಇಲ್ಲಿಗೆ ಬಂದ ಆರು ತಿಂಗಳಲ್ಲಿ ನಾನೂ ಹಾಗೆಯೇ ಲೆಕ್ಕ ಹಾಕತೊಡಗಿದ್ದೆ. ನನ್ನದೂ ಜೂನ್ ಒಂದು. ಹೆಡ್ ಮಾಸ್ತರರು ಬರೆದದ್ದು, ನಮ್ಮ ಕ್ಲಾಸಿನ ಅರ್ಧ ಮಂದಿಗೆ ಅದೇ ದಿನ. ಅದೂ ನೆನಪಾಗಲಿಲ್ಲ. ಯವ್ವನನ್ನು ಯವ್ವ, ಸಣ್ಣವ್ವನನ್ನು ಸಣ್ಣವ್ವ ಎಂದು ಕರೆದು ಬೆಳೆದವಳಿಗೆ ಅವರಿಬ್ಬರೂ ಕಾಗದದಲ್ಲಿ ಒಬ್ಬರೇ ಎಂದು ಹೊಳೆಯಲೂ ಇಲ್ಲ.

ಯವ್ವನ ಸಾಲು ಮೇಲಿತ್ತು, ಉಳಿಯಿತು. ಚಾಳೀಸು ಬಂತು. ಸಣ್ಣವ್ವನ ಸಾಲು ಕೆಳಗಿತ್ತು.

ಅಳು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ಕೀಬೋರ್ಡಿನ ಮೇಲೆ ಕೈ ಇಟ್ಟೆ. ಸದ್ದಿಲ್ಲದೆ ಆ ಒಂದು ಸಾಲನ್ನು ಮತ್ತೆ ಸೇರಿಸಿಬಿಡಬಹುದಿತ್ತು. ನನಗೆ ಬರುತ್ತಿದ್ದದ್ದು ಅದೇ. ಆದರೆ ತೆಗೆದದ್ದು ಅವಳೊಬ್ಬಳನ್ನಲ್ಲ. ಎದ್ದು ನಸ್ರೀನ್ ಮೇಡಂ ಬಳಿ ಹೋಗಿ ಹೇಳಿದೆ. ಅವರು ಬೈಯಲಿಲ್ಲ. ತೆಗೆದ ಸಾಲುಗಳನ್ನೆಲ್ಲ ಮತ್ತೆ ತೆರೆಸಿ, ಕಾರ್ಯಕರ್ತೆಯರಿಗೆ ಹಂಚಿ, ಒಂದೊಂದನ್ನೂ ಮನೆಗೆ ಹೋಗಿ ಕೇಳಿಕೊಂಡು ಬರಲು ಹೇಳಿದರು.

"ಮಶೀನಿಗೆ ಕೇಳೋದು ನಕ್ಕೋ," ಅಂದರು. ನಕ್ಕೋ ಎಂದರೆ ಬೇಡ. "ಬಾಗಲಿಗೆ ಹೋಗಿ ಕೇಳ್ರಿ."

ಆ ಶುಕ್ರವಾರ ಎರಡು ಸಾಲನ್ನು ಗೋಡೆಗೆ ಹಾಕಿದೆ. ಇವಳು ನಮ್ಮವ್ವ, ಇವಳು ನಮ್ಮ ಸಣ್ಣವ್ವ ಅಂದೆ. ಯಾರೂ ನಗಲಿಲ್ಲ. ಮಿರ್ಚಿ ಬಂತು. ವಿರೂಪಾಕ್ಷಣ್ಣ ತಟ್ಟೆಯನ್ನು ನನ್ನ ಮುಂದೆ ಇಟ್ಟ.

"ತಿನ್ರಿ ಮೇಡಂ," ಎಂದ. "ನನ್ನವು ಎಲ್ಲಾ ಸಣ್ಣ ತಪ್ಪು ಇದ್ವು."

ತಿಂದೆ. ಖಾರ ಗೊತ್ತಾಗಲಿಲ್ಲ.

ಈಗ ನಮ್ಮ ಫಾರಂನಲ್ಲಿ ಒಂದು ಹೊಸ ಕಾಲಂ ಇದೆ: ಮನೆಯಲ್ಲಿ ಏನೆಂದು ಕರೆಯುತ್ತಾರೆ. ಕೋಡು ಈಗ ಯಾರನ್ನೂ ತೆಗೆಯುವುದಿಲ್ಲ, ಅನುಮಾನ ಬಂದ ಸಾಲಿಗೆ ಹಳದಿ ಬಣ್ಣ ಬಳಿದು ಬಿಡುತ್ತದೆ, ಅಷ್ಟೇ. ಅದನ್ನು ಬರೆದವಳೂ ನಾನೇ.

ಸಣ್ಣವ್ವನಿಗೆ ಮಾನ್ವಿಯ ಶಿಬಿರದಲ್ಲಿ ಬಲಗಣ್ಣಿನ ಆಪರೇಷನ್ ಆಯಿತು, ಚೆನ್ನಾಗಿ ಕಾಣುತ್ತದೆ. ಎಡಗಣ್ಣಿನ ಪೊರೆ ಬಲಿತು ಒಳಗಿನ ನರ ಹೋಗಿದೆ ಎಂದರು ಡಾಕ್ಟರು. ನಾಲ್ಕು ತಿಂಗಳು ಮೊದಲು ಬಂದಿದ್ದರೆ ಉಳಿಯುತ್ತಿತ್ತೇನೋ ಅಂದರು. ಬಟನ್ ಒತ್ತಿ ನಾಲ್ಕು ತಿಂಗಳಾಗಿತ್ತು.

ಊರಿನಲ್ಲಿ ಸಣ್ಣವ್ವ ಬಂದವರಿಗೆಲ್ಲ ಹೇಳುತ್ತಿದ್ದಳು: "ನಮ್ಮ ರೇಣುಕಾ ಆಫೀಸಿನ್ಯಾಗ ಹೇಳಿ ಹೆಸರು ಹಾಕ್ಸಿದ್ಲು. ಇಲ್ಲಂದ್ರ ಈ ಕಣ್ಣೂ ಹೋಗತಿತ್ತು." ಓಣಿಯ ಹೆಂಗಸರು ನನ್ನ ಗಲ್ಲ ಸವರಿ ನೆಟಿಗೆ ಮುರಿದರು.

ಎಲ್ಲರೂ ಹೋದ ಮೇಲೆ ಕಟ್ಟೆಯ ಮೇಲೆ ಅವಳ ಪಕ್ಕ ಕೂತು ಹೇಳಿದೆ. ಕೋಡು, ಸಾಲು ಎಂದೆಲ್ಲ ಹೇಳಲಿಲ್ಲ. "ಹೆಸರು ತಗದಾಕಿನೂ ನಾನ ಸಣ್ಣವ್ವ," ಅಂದೆ. "ನೀನೂ ಯವ್ವನೂ ಒಬ್ಬಾಕೆ ಅಂತ ತಿಳಕೊಂಡು ತಗದೆ."

ಅವಳು ಮಡಿಲಲ್ಲಿದ್ದ ಶೇಂಗಾ ಬಿಡಿಸುತ್ತಲೇ ಇದ್ದಳು.

"ನಿಮ್ಮವ್ವಗ ಹೇಳಿಯೇನು?"

"ಇಲ್ಲ."

"ಹೇಳಬ್ಯಾಡ. ಯಾರ ಮುಂದೂ ಆಡಬ್ಯಾಡ," ಅಂದಳು. "ನಿನ್ನ ನೋಡಿ ಈ ವರ್ಷ ಓಣ್ಯಾಗಿನ ಮೂರು ಹುಡುಗ್ಯಾರ್ನ ಹಾಸ್ಟೆಲಿಗಿ ಹಾಕ್ಯಾರ. ಓದಿದಾಕಿನೂ ಹಿಂಗ ಮಾಡಿದ್ಲಂದ್ರ ನಾಳೆ ಕರ್ಕೊಂಡು ಬರ್ತಾರ."

ಆಮೇಲೆ ತೋಳು ಹಿಡಿದು ನನ್ನನ್ನು ಎಬ್ಬಿಸಿದಳು. "ಆ ಕಡಿ ಕೂಡಬ್ಯಾಡ. ಕಾಣಂಗಿಲ್ಲ ನೀ ನನಗ. ಈ ಕಡಿ ಬಾ."

ರಾಯಚೂರಿನಲ್ಲಿ ತಪ್ಪನ್ನು ಗೋಡೆಗೆ ಹಾಕಬೇಕು. ನಮ್ಮೂರಿನಲ್ಲಿ ಅದನ್ನು ಮಡಿಲಲ್ಲಿ ಕಟ್ಟಿಕೊಳ್ಳಬೇಕು. ಎರಡಕ್ಕೂ ಕಾರಣವಿದೆ, ನನಗೆ ಎರಡೂ ತಿಳಿಯುತ್ತವೆ. ಇದನ್ನು ಬರೆದು ನಿಮ್ಮ ಮುಂದೆ ಇಡುತ್ತಿದ್ದೇನೆ ಎಂದರೆ ಸಣ್ಣವ್ವನ ಮಾತು ಮೀರಿದ್ದೇನೆ ಎಂದೇ ಅರ್ಥ. ಅವಳಿಗೆ ಓದಲು ಬರುವುದಿಲ್ಲ, ಆ ಮೂರು ಹುಡುಗಿಯರಿಗೆ ಬರುತ್ತದೆ. ಅವರು ಓದಲಿ. ತಪ್ಪು ಮಾಡಿಯೂ ನಾನು ನೌಕರಿಯಲ್ಲಿದ್ದೇನೆ ಎಂಬುದನ್ನೂ ಓದಲಿ.

ಶುಕ್ರವಾರ ಮೂರು ಗಂಟೆಗೆ ನನ್ನ ಕುರ್ಚಿ ಈಗಲೂ ಗೋಡೆಯ ಎದುರಿಗಿರುತ್ತದೆ. ಊರಿಗೆ ಹೋದರೆ, ಯಾರೂ ಹೇಳದೆಯೇ, ಸಣ್ಣವ್ವನ ಬಲಕ್ಕೆ ಹೋಗಿ ಕೂಡುತ್ತೇನೆ.