ಖಾರದ ಶಾವಿಗಿ

ಒಣಮೆಣಸಿನಕಾಯಿ ಕಾದ ಎಣ್ಣೆಗೆ ಬಿದ್ದಾಗ ಏಳುವ ಘಾಟು ಮೂಗಿಗಿಂತ ಮೊದಲು ಗಂಟಲನ್ನು ಹಿಡಿಯುತ್ತದೆ. ಇವತ್ತಿಗೂ ಯಾರದೋ ಮನೆಯ ಕಿಟಕಿಯಿಂದ ಆ ಘಾಟು ಬಂದರೆ, ಕೆಮ್ಮುವ ಮೊದಲು ನನ್ನ ಕೈ ಎಡಗಿವಿಗೆ ಹೋಗುತ್ತದೆ. ಘಾಟಿಗೂ ಕಿವಿಗೂ ಎಲ್ಲಿಯ ನಂಟು ಅಂತ ನೀವು ಕೇಳಬಹುದು. ಹಾವೇರಿಯ ನಮ್ಮಜ್ಜನ ಮನೆಯಲ್ಲಿ ಒಂದು ಬ್ಯಾಸಗಿ ಕಳೆದಿದ್ದರೆ ಕೇಳುತ್ತಿರಲಿಲ್ಲ. ಅಲ್ಲಿ ಒಗ್ಗರಣೆ ಚಟಗುಟ್ಟುವ ಸದ್ದು, ಕಪಾಳಕ್ಕೆ ಏಟು ಬೀಳುವ ಸದ್ದು ಒಂದರ ಬೆನ್ನಿಗೊಂದು ಬರುತ್ತಿದ್ದವು. ಅಜ್ಜ ಪ್ಯಾಟಿಯಲ್ಲಿ ಎತ್ತಿನ ಹಗ್ಗ, ಮೂಗುದಾಣ, ಬಾರುಕೋಲು ಮಾರುತ್ತಿದ್ದ. ಬಾರುಕೋಲನ್ನು ಮನೆಗೆ ತಂದವನಲ್ಲ, ಕೈಯೇ ಸಾಕಾಗುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ತಾಟು ಗೋಡೆಗೆ ಹೋಗುತ್ತಿತ್ತು, ಕೈ ಆಯಿಯ ಬೆನ್ನಿಗೆ. ಆಯಿ ಅಂದರೆ ನಮ್ಮಪ್ಪನ ತಾಯಿ. ಅವಳು ಗೋಡೆ ಒರೆಸಿ, ಮತ್ತೊಂದು ತಾಟಿಗೆ ಬಡಿಸುತ್ತಿದ್ದಳು. ಆದರೂ ಆ ಮನೆಯೆಂದರೆ ನನಗೆ ಜೀವ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಸುಳ್ಳಾಗುತ್ತದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ನನಗೆ ಹತ್ತು ತುಂಬಿತ್ತು. ಅಪ್ಪ ಅವ್ವ ಗುತ್ತಲದಲ್ಲಿ ಸಾಲಿ ಕಲಿಸುತ್ತಿದ್ದರು. ಸೂಟಿ ಬಿಟ್ಟ ಕೂಡಲೇ ನನ್ನನ್ನು ಹಾವೇರಿ ಬಸ್ಸು ಹತ್ತಿಸುತ್ತಿದ್ದರು. ಆ ಸಲ ನಾನು ಹೋದಾಗ ಸರೋಜತ್ತಿ ಮೊದಲೇ ಬಂದಿದ್ದಳು. ಅಪ್ಪನ ತಂಗಿ, ರಾಣೇಬೆನ್ನೂರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಎಡಗಿವಿಯಲ್ಲಿ ಅರಳೆ ಇಟ್ಟುಕೊಂಡಿದ್ದಳು, ಅದರ ತುದಿ ಕಂದಾಗಿತ್ತು. ಮಾಮಾ, ಅಂದರೆ ಅತ್ತಿಯ ಗಂಡ, ಹೊಡೆದ ಒಂದೇ ಏಟಿಗೆ ಕಿವಿಯ ತಮಟೆ ಹರಿದಿತ್ತು. ಇದನ್ನು ನನಗೆ ಯಾರೂ ಹೇಳಲಿಲ್ಲ. ಎಡಗಡೆಯಿಂದ ಎಷ್ಟು ಕೂಗಿದರೂ ಅವಳು ತಿರುಗದಿದ್ದಾಗ ಗೊತ್ತಾಯಿತು.

ಅದು ಶಾವಿಗಿ ಹೊಸೆಯುವ ಕಾಲ. ನಾದಿದ ಗೋದಿಹಿಟ್ಟನ್ನು ಒರಳಿಗೆ ಹಾಕಿ ಆಯಿ ಒನಕೆಯಿಂದ ಬಡಿಯುತ್ತಿದ್ದಳು. ಅತ್ತಿ ಉದ್ದನೆಯ ಮಣೆಯ ಮೇಲೆ ಕೂತು, ಅಂಗೈಯಿಂದ ಹಿಟ್ಟು ಉಜ್ಜಿ ದಾರದಂಥ ಎಳೆ ತೆಗೆಯುತ್ತಿದ್ದಳು. ನಾನು ಆ ಎಳೆಗಳನ್ನು ಕೋಲಿನ ಮೇಲೆ ಒಣಹಾಕುತ್ತಿದ್ದೆ. ಹಸಿ ಹಿಟ್ಟಿನ ವಾಸನೆ ಇಡೀ ಪಡಸಾಲೆ ತುಂಬಿರುತ್ತಿತ್ತು.

"ಹಿಟ್ಟು ಬಡದಷ್ಟೂ ಎಳಿ ಸಣ್ಣ ಬರ್ತಾವ," ಅಂದಳು ಆಯಿ. "ಹೆಣ್ಣಿನ ಬಾಳೇವೂ ಹಂಗ. ತಡಕೋಬೇಕು."

"ಬಾಳ ಬಡದರ ಹರೀತಾವಬೇ," ಅಂದಳು ಅತ್ತಿ, ತಲೆ ಎತ್ತದೆ.

ಸಂತೆಯ ಹಿಂದಿನ ದಿನ ಅಜ್ಜ ಅಂಗಡಿಯಿಂದ ಬಂದವನೇ, "ನಾಳೆ ಶಾವಿಗಿ ಆಗಲಿ," ಅಂದ. ಅಷ್ಟೇ. ಅತ್ತಿಯ ಕೈಯಲ್ಲಿದ್ದ ಎಳೆ ಅಲ್ಲೇ ತುಂಡಾಯಿತು. ನಮ್ಮ ಮನೆತನದಲ್ಲಿ ಅಳಿಯ ಬಂದರೆ ಕುದಿಸಿ ಬಸಿದ ಶಾವಿಗಿ, ಮೇಲೆ ಬೆಲ್ಲ, ಹಾಲು, ತುಪ್ಪ. ಅಳಿಯ ಆ ಸಿಹಿ ಉಂಡು ಕೈತೊಳೆದನೆಂದರೆ ಜಗಳ ಮುಗಿಯಿತು. ಮಗಳು ಟ್ರಂಕು ಎತ್ತಿಕೊಂಡು ಅವನ ಹಿಂದೆ ನಡೆಯಬೇಕು. ಸಿಹಿ ಇಲ್ಲದ ಊಟ ಹಾಕುವುದು ಸತ್ತವರ ಮಣ್ಣಿಗೆ ಬಂದವರಿಗೆ ಮಾತ್ರ.

ಮರುದಿನ ಅತ್ತಿ ನನ್ನ ಕೈ ಹಿಡಿದು ಸಂತೆಗೆ ಹೋದಳು. ಹುಳಿ ಟೊಮ್ಯಾಟೊ, ಉಳ್ಳಾಗಡ್ಡಿ, ಹಸಿ ಬೆಳ್ಳುಳ್ಳಿ, ಮಣ್ಣು ಇನ್ನೂ ಆರದ ಕೊತ್ತಂಬರಿ ಆರಿಸಿದಳು.

"ಅಳಿಯಾ ಬರ್ತಾನಂತಲ್ಲವಾ, ಇಷ್ಟ್ಯಾಕ ಹುಳಿ?" ಅಂತ ಕಾಯಿಪಲ್ಯೆಯವಳು ನಕ್ಕಳು.

"ಅವರಿಗೆ ಸಿಹಿ ಆಗಿಬರಂಗಿಲ್ಲ ಯಕ್ಕಾ."

ಬೆಲ್ಲದ ಅಂಗಡಿ ಹಿಂದೆ ಹೋಯಿತು. "ಅತ್ತೀ, ಬೆಲ್ಲಾ ಮರತಿ," ಅಂದೆ. ಕೇಳಲಿಲ್ಲ. ಸುತ್ತಿಬಂದು ಬಲಗಡೆ ನಿಂತು ಮತ್ತೆ ಹೇಳಿದೆ. ಅತ್ತಿ ನನ್ನ ಮುಖ ನೋಡಿ, "ಮರತಿಲ್ಲ," ಅಂದಳು.

ಅಡಿಗೆಮನೆಯಲ್ಲಿ ಚೀಲ ಸುರುವಿದಾಗ ಆಯಿ ಟೊಮ್ಯಾಟೊಗಳನ್ನು ಬಹಳ ಹೊತ್ತು ನೋಡಿದಳು. ಹೊರಗಿನಿಂದ ಅಜ್ಜ, "ಬೆಲ್ಲ ಐತಿಲ್ಲೋ?" ಅಂತ ಕೂಗಿದ. "ಐತಿ, ಐತಿ," ಅಂದಳು ಆಯಿ, ಬೆಲ್ಲದ ಡಬ್ಬಿಯನ್ನು ಎತ್ತಿ ನೆಲುವಿಗೆ ಇಡುತ್ತ. ಎಸರು ಕುದಿಯಿತು. ಅತ್ತಿ ಶಾವಿಗಿ ಬೇಯಿಸಿ ಬಸಿದಳು. ಎಣ್ಣೆಗೆ ಜಜ್ಜಿದ ಬೆಳ್ಳುಳ್ಳಿ, ಆಯಿಯ ತವರು ಬ್ಯಾಡಗಿಯಿಂದ ಬಂದ ಮೆಣಸಿನಕಾಯಿ, ಮೇಲೆ ಟೊಮ್ಯಾಟೊ. ಬಿಳಿ ಎಳೆಗಳು ನೋಡನೋಡುತ್ತ ನೆತ್ತರಿನ ಬಣ್ಣಕ್ಕೆ ತಿರುಗಿದವು. ಆಯಿ ಬಸಿದ ನೀರನ್ನು ಚೆಲ್ಲಲಿಲ್ಲ. ಮತ್ತೆ ಒಲೆಯ ಮೇಲಿಟ್ಟು, ಕೆಳಗೆ ಇನ್ನೆರಡು ಕಟ್ಟಿಗೆ ತುರುಕಿದಳು.

ಮಾಮಾ ಇಸ್ತ್ರಿ ಮುರಿಯದ ಅಂಗಿಯಲ್ಲಿ ಬಂದು ಮಣೆಯ ಮೇಲೆ ಕೂತ. ಅತ್ತಿ ಬಡಿಸಿದಳು.

"ಇದೇನಿದು? ಯಾರ ಸತ್ತಾರ ಮನ್ಯಾಗ?"

"ಸಂಬಂಧ ಸತ್ತೈತಿ, ಉಣ್ರಿ. ಬಣ್ಣಕ್ಕ ಅಂಜಬ್ಯಾಡ್ರಿ, ಬ್ಯಾಡಗಿ ಕಾಯಿ. ನೋಡಾಕಷ್ಟ ಕೆಂಪು, ಒಳಗ ದಮ್ಮಿಲ್ಲ. ನಿಮ್ಮಂಗ."

ತಾಟು ಗೋಡೆಗೆ ಹೋಯಿತು. ಮಾಮಾ ಎದ್ದು ಅತ್ತಿಯ ಜಡೆ ಕೈಗೆ ಸುತ್ತಿಕೊಂಡು ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಒಮ್ಮೆ, ಇನ್ನೊಮ್ಮೆ. ಅವಳು ಚೀರಲಿಲ್ಲ. ಚೌಕಟ್ಟಿನ ಸದ್ದು ಮಾತ್ರ ಕೇಳಿತು. ಅಜ್ಜ ಎದ್ದ. ಬಿಡಿಸಲು ಎದ್ದನೆಂದು ತಿಳಿದಿದ್ದೆ. ಅವನು ಕೈ ಎತ್ತಿದ್ದು ಅತ್ತಿಯ ಮೇಲೆಯೇ. "ಉಣ್ಣೋ ಅಳಿಯಾಗ ಎದುರ ಮಾತಾಡ್ತಿ?"

ಆಗ ಆಯಿ ಒಳಗಿನಿಂದ ಬಂದಳು. ಸೆರಗಿನಲ್ಲಿ ಹಿಡಿದ ಪಾತ್ರೆಯಿಂದ ಕುದಿಯುವ ನೀರನ್ನು, ಗಿಡದ ಬುಡಕ್ಕೆ ಹಾಕುವವಳ ಹಾಗೆ ಬಾಗಿ, ಮಾಮಾನ ಎರಡೂ ಪಾದಕ್ಕೆ ಸುರಿದಳು. ಅವನ ಬಾಯಿಂದ ಬಂದ ಸದ್ದು ಮನುಷ್ಯರದಾಗಿರಲಿಲ್ಲ. ಪಾದದ ತೊಗಲು ಬೆಂದ ಶಾವಿಗಿಯ ಹಾಗೆ ಎದ್ದುಬಂತು. ಅಜ್ಜ ಆಯಿಯ ಕಪಾಳಕ್ಕೆ ಬಾರಿಸಿದ. ಅವಳ ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಒರೆಸಿಕೊಳ್ಳಲಿಲ್ಲ.

"ಹೊಡೀರಿ," ಅಂದಳು, ಮೆಲ್ಲಗೆ. "ಒಲಿ ಮ್ಯಾಲ ಇನ್ನೊಂದು ಎಸರೈತಿ."

ಅಜ್ಜನ ಕೈ ಮೇಲೆಯೇ ನಿಂತಿತು. ಆಮೇಲೆ ಇಳಿಯಿತು. ನಾನು ಆ ಮನೆಯಲ್ಲಿ ಕಂಡಂತೆ ಅದು ಮತ್ತೆ ಏಳಲಿಲ್ಲ.

ಮಾಮಾನನ್ನು ಆಟೋಕ್ಕೆ ಹಾಕಿ ಕಳಿಸಿದರು. ಅವನು ತಿರುಗಿ ಬರಲಿಲ್ಲ, ಅತ್ತಿ ಹೋಗಲಿಲ್ಲ. ಅವತ್ತು ಯಾರೂ ಗೋಡೆ ಒರೆಸಲಿಲ್ಲ. ಅದರ ಕೆಳಗೇ ನಾವು ಮೂವರು ಹೆಣ್ಣುಮಕ್ಕಳು ಕೂತು, ಒಂದೇ ಪಾತ್ರೆಗೆ ಕೈಹಾಕಿ ಉಳಿದ ಶಾವಿಗಿ ಉಂಡೆವು. ಅತ್ತಿ ಹೇಳಿದ್ದು ಖರೇ, ಖಾರ ಇರಲಿಲ್ಲ. ಆದರೂ ಮೂವರ ಕಣ್ಣಲ್ಲೂ ನೀರಿತ್ತು.

ಆ ಗೋಡೆಯ ಮೇಲಿನ ಕೆಂಪು ಕಲೆ ಎರಡು ಸುಣ್ಣಕ್ಕೂ ಬಗ್ಗದೆ ಬಹಳ ವರ್ಷ ಉಳಿದಿತ್ತು. ಈಗ ಗೋಡೆಯೇ ಇಲ್ಲ. ರಸ್ತೆ ಅಗಲವಾಗಿ ಪಡಸಾಲೆಯ ಮೇಲೆ ಬಸ್ಸುಗಳು ಓಡಾಡುತ್ತವೆ. ಅಜ್ಜ ಹೋದ, ಆಯಿ ಹೋದಳು. ಬ್ಯಾಡಗಿಯಲ್ಲಿ ಕಂಡವರ ಮನೆಗೆಲ್ಲ ಶಾವಿಗಿ ಹೊಸೆದುಕೊಟ್ಟು, ಯಾರ ಹಂಗೂ ಇಲ್ಲದೆ ಬಾಳಿದ ಅತ್ತಿಯೂ ಕಳೆದ ಮಳೆಗಾಲದಲ್ಲಿ ಹೋದಳು. ಮೊನ್ನೆ ಸಂತೆಯಿಂದ ಟೊಮ್ಯಾಟೊ ತಂದು ಒಗ್ಗರಣೆ ಹಾಕಿದೆ. ಘಾಟು ಎದ್ದಿತು. ಒಬ್ಬಳೇ ಇದ್ದ ಅಡಿಗೆಮನೆಯಲ್ಲಿ ನಾನು ಒಲೆಯ ಎಡಗಡೆಯಿಂದ ಸುತ್ತಿ ಬಲಗಡೆಗೆ ಬಂದು ನಿಂತು, "ಉಪ್ಪು ಸಾಕೇನತ್ತೀ?" ಅಂದೆ.